ಒಂದು ಮಟ್ಟು, ಹಲವು ಕಂಠ

(ಶೋಳಿಂಗನಲ್ಲೂರಿನ ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮ ಹಳೆಯ ನಾಟಕ ಕಂಪನಿಗಳ ಹಾಡಿನ ಪುಸ್ತಕ ತೆರೆದು ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಹಾಡಿನ ನೆತ್ತಿಯ ಮೇಲೆ ರಾಗ, ತಾಳ. ಪಕ್ಕದಲ್ಲಿ 'ಇಂಥ ಹಾಡಿನ ಮಟ್ಟು' ಎಂದು ಅಚ್ಚಾಗಿರುತ್ತದೆ. ಮಟ್ಟು ಮರಾಠಿಯದಿರಬಹುದು, ಹಿಂದೂಸ್ತಾನಿಯದಿರಬಹುದು. ಮಾತು ಮಾತ್ರ ನಮ್ಮದು. ಇದು ಕಳವಲ್ಲ, ರೂಢಿ. ಹೆಸರು ಹೇಳಿಯೇ ತಂದದ್ದು.

ಇಂಥದೇ ರೂಢಿ ಜಮೈಕಾ ದ್ವೀಪದಲ್ಲಿ ಒಂದು ದೊಡ್ಡ ಕಸುಬಾಗಿಯೇ ಬೆಳೆದಿದೆ. ಡ್ಯಾನ್ಸ್‌ಹಾಲ್ ಎಂಬ ಅಲ್ಲಿನ ಸಂಗೀತದಲ್ಲಿ ಡೋಲಿನ ಪೆಟ್ಟು, ಮಂದ್ರಸ್ವರದ ಓಟ ಇವನ್ನು ಮೊದಲು ಮುದ್ರಿಸಿಕೊಂಡು ಅದಕ್ಕೊಂದು ಹೆಸರಿಡುತ್ತಾರೆ. ಅದೇ 'ರಿಡಿಮ್'. ಆಮೇಲೆ ಗಾಯಕರು ಒಬ್ಬೊಬ್ಬರಾಗಿ ಬಂದು ಅದರ ಮೇಲೆ ತಮ್ಮ ತಮ್ಮ ಮಾತು ಕಟ್ಟಿ ಹಾಡುತ್ತಾರೆ. ಒಬ್ಬನದು ಪ್ರೇಮ, ಇನ್ನೊಬ್ಬನದು ಹೊಟ್ಟೆಯ ಪಾಡು, ಮತ್ತೊಬ್ಬನದು ಬರಿಯ ಬಡಾಯಿ. ಮಟ್ಟು ಒಂದೇ ಆದ್ದರಿಂದ ಯಾರ ಕಂಠ ಹೆಚ್ಚು, ಯಾರ ಮಾತು ಹೆಚ್ಚು ಎಂಬುದು ಕೇಳುವವರಿಗೆ ಕೂಡಲೇ ತಿಳಿದುಹೋಗುತ್ತದೆ.

1985ರಲ್ಲಿ ಕಿಂಗ್‌ಸ್ಟನ್ ನಗರದಲ್ಲಿ ಹೊರಟ 'ಸ್ಲೆಂಗ್ ಟೆಂಗ್' ರಿಡಿಮ್‌ನ ಕತೆ ಕೇಳಿ. ನೋಯೆಲ್ ಡೇವಿ, ವೇಯ್ನ್ ಸ್ಮಿತ್ ಎಂಬಿಬ್ಬರ ಕೈಗೆ ಕ್ಯಾಸಿಯೋ ಕಂಪನಿಯ ಎಂಟಿ-40 ಎಂಬ ಸಣ್ಣ ವಾದ್ಯವೊಂದು ಸಿಕ್ಕಿತು. ಗುಂಡಿ ಒತ್ತಿದರೆ ಅದು ತಾನೇ ತಾಳ ಬಾರಿಸುತ್ತಿತ್ತು. ಕಿಂಗ್ ಜ್ಯಾಮಿ ಎಂಬ ನಿರ್ಮಾಪಕ ಆ ತಾಳದ ವೇಗ ತಗ್ಗಿಸಿ, ಸ್ಮಿತ್‌ನಿಂದ ಹಾಡಿಸಿದ. ಅದೇ ತಾಳದ ಮೇಲೆ ಟೆನರ್ ಸಾ 'ಪಂಪ್‌ಕಿನ್ ಬೆಲ್ಲಿ' ಹಾಡಿದ, ಜಾನಿ ಆಸ್ಬರ್ನ್ 'ಬಡಿ ಬೈ' ಹಾಡಿದ. ಹಿಂದೆಯೇ ನೂರಾರು ಹಾಡು ಬಂದವು. ಯಂತ್ರದ ತಾಳ ಬೇರೂರಿದ ಮೇಲೆ ಸ್ಟುಡಿಯೋಗಳಲ್ಲಿ ಡೋಲಿನವರಿಗೂ ತಂತಿಯವರಿಗೂ ಕೂಲಿ ಕಡಿಮೆಯಾಯಿತು. ಇದನ್ನೂ ಹೇಳಬೇಕು.

ಆ ಗುಂಡಿಯೊಳಗೆ ತಾಳವನ್ನು ಇಟ್ಟವರಾರು? ಜಪಾನಿನ ಒಕುದಾ ಹಿರೋಕೊ ಎಂಬ ತರುಣಿ. ಕಾಲೇಜಿನಲ್ಲಿ ಜಮೈಕಾದ ರೆಗ್ಗೆ ಸಂಗೀತದ ಮೇಲೆಯೇ ಪ್ರಬಂಧ ಬರೆದು, 1980ರಲ್ಲಿ ಕ್ಯಾಸಿಯೋ ಕೆಲಸಕ್ಕೆ ಸೇರಿದವರು. ಕಟ್ಟಿದ್ದು ಸಂಬಳದ ಕೆಲಸವಾಗಿ. ವಾದ್ಯದ ಮೇಲೆ ಕಂಪನಿಯ ಹೆಸರುಂಟು, ಅವರದಿಲ್ಲ. ಗಿರಣಿಯಲ್ಲಿ ಲೆಕ್ಕ ಬರೆಯುವ ನಮ್ಮಂಥವರಿಗೆ ಇದು ಹೊಸ ಮಾತಲ್ಲ; ನಾವು ಗೀಟೆಳೆದು ಕಟ್ಟಿದ ಲೆಡ್ಜರಿನ ಮೇಲೂ ನಮ್ಮ ಹೆಸರಿರುವುದಿಲ್ಲ. ಆದರೆ ಲೆಡ್ಜರನ್ನು ಯಾರೂ ಹಾಡುವುದಿಲ್ಲವಷ್ಟೆ! ಒಕುದಾ ಅವರ ತಾಳವನ್ನು ಒಂದು ದ್ವೀಪವೇ ಹಾಡಿತು.

2002ರ ಇನ್ನೊಂದು ರಿಡಿಮ್‌ಗೆ ನಮ್ಮ ಹಬ್ಬದ ಹೆಸರೇ ಉಂಟು: 'ದಿವಾಲಿ'. ಕಟ್ಟಿದಾತ ಸ್ಟೀವನ್ 'ಲೆಂಕಿ' ಮಾರ್ಸ್‌ಡನ್. ಚಪ್ಪಾಳೆಯ ಪೆಟ್ಟೇ ಅದರ ಜೀವ. ನಮ್ಮ ಹಳ್ಳಿಯವರು ಕೇಳಿದರೆ ಕೋಲು ಹುಡುಕಿಯಾರು. ಅದರ ಮೇಲೆ ಶಾನ್ ಪಾಲ್ ಹಾಡಿದ 'ಗೆಟ್ ಬಿಜಿ' 2003ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲನೆಯದಾಯಿತು. ವೇಯ್ನ್ ವಂಡರ್, ಲುಮಿಡೀ ಇವರ ಹಾಡುಗಳೂ ಅದೇ ವರ್ಷ ಗೆದ್ದವು.

ಅಷ್ಟು ದೂರವೇಕೆ? ಇದೇ ಮದರಾಸಿನ ಉತ್ತರದ ಮಣಲಿಯಲ್ಲಿದ್ದ ಕಾಲದಲ್ಲಿ ಮುತ್ತುಸ್ವಾಮಿ ದೀಕ್ಷಿತರಿಗೆ ಇಂಗ್ಲಿಷರ ಬ್ಯಾಂಡಿನ ಪರಿಚಯವಾಯಿತು. ಆ ಮಟ್ಟುಗಳಿಗೆ ಅವರು ಸಂಸ್ಕೃತ ಸಾಹಿತ್ಯ ಕೂಡಿಸಿದರು, 'ನೊಟ್ಟುಸ್ವರ'ಗಳೆಂದರೆ ಅವೇ. 'ಸಂತತಂ ಪಾಹಿಮಾಂ' ಎಂಬುದರ ಮಟ್ಟು ಇಂಗ್ಲೆಂಡಿನ ರಾಜಗೀತೆಯದು. ಅಲ್ಲಿ ದೊರೆಗೆ ಸಲ್ಲುವ ಮಟ್ಟು ಇಲ್ಲಿ ದೇವಿಗೆ ಸಂದಿತು.

ಕಡೆಗೆ ಒಂದು ಅರಿಕೆ. ರಾಜ್ಯೋತ್ಸವದ ಹಾಡುಗಳ ಪಟ್ಟಿ ಬರೆಯುವ ಮಿತ್ರರು ಹಾಡು, ಹಾಡುವವರು ಎಂಬ ಎರಡು ಅಂಕಣಗಳ ಪಕ್ಕದಲ್ಲಿ 'ಮಟ್ಟು ಕಟ್ಟಿದವರು' ಎಂಬ ಮೂರನೆಯದನ್ನೂ ಗೀಟೆಳೆದು ಬಿಡಲಿ. ತಿಳಿದಷ್ಟು ಹೆಸರುಗಳನ್ನು ನಾವೆಲ್ಲ ಸೇರಿ ತುಂಬೋಣ.