ಚಿಕ್ಕ ಮನೆಗೆ ಸರಿಸುವ ಬಾಗಿಲು



ಮನೆ ಕಟ್ಟಿಸುವಾಗ ಗೋಡೆಯ ಅಳತೆ, ಮಾಡಿನ ಎತ್ತರ, ಕಿಟಕಿಯ ದಿಕ್ಕು ಇವುಗಳ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಬಾಗಿಲು ಯಾವ ಕಡೆಗೆ ತೆರೆಯಬೇಕು, ತೆರೆದಾಗ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಮಾತ್ರ ಬಡಗಿಗೆ ಬಿಟ್ಟುಬಿಡುವುದೇ ರೂಢಿ. ದೊಡ್ಡ ತೊಟ್ಟಿಮನೆಗಳಲ್ಲಿ ಇದರಿಂದ ಹೆಚ್ಚಿನ ತೊಂದರೆಯಾಗುತ್ತಿರಲಿಲ್ಲ. ಈಗಿನ ಎರಡು ಕೋಣೆಯ ಮನೆಗಳ ಮಾತು ಬೇರೆ. 2016ರಲ್ಲಿ ಪ್ರಧಾನ ಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಜಾರಿಗೆ ಬಂದಾಗ ಮನೆಯ ಕನಿಷ್ಠ ವಿಸ್ತೀರ್ಣವನ್ನು 20 ಚದರ ಮೀಟರಿನಿಂದ 25 ಚದರ ಮೀಟರಿಗೆ ಏರಿಸಲಾಯಿತು. ಅಡಿಗೆಯ ಜಾಗವೂ ಸೇರಿ ಇದು ಸುಮಾರು 269 ಚದರ ಅಡಿ. ಇಷ್ಟರಲ್ಲಿ ಸಂಸಾರ, ಹಾಸಿಗೆ, ಕಾಳಿನ ಚೀಲ, ಮಕ್ಕಳ ಪುಸ್ತಕ ಎಲ್ಲವೂ ಇರಬೇಕು.

ಕೀಲಿನ ಮೇಲೆ ತಿರುಗುವ ಬಾಗಿಲು ತೆರೆಯುವಾಗ ನೆಲದ ಮೇಲೆ ವೃತ್ತದ ಕಾಲುಭಾಗವನ್ನು ಗುಡಿಸಿಕೊಂಡು ಹೋಗುತ್ತದೆ. ಎರಡೂವರೆ ಅಡಿ ಅಗಲದ ಬಾಗಿಲಿಗೆ ಈ ಜಾಗ ಸುಮಾರು 4.9 ಚದರ ಅಡಿ. ಮೂರು ಅಡಿಯ ಬಾಗಿಲಿಗೆ ಸುಮಾರು 7 ಚದರ ಅಡಿ. ಅಲ್ಲಿ ಚೀಲ ಇಡುವಂತಿಲ್ಲ, ಮಂಚ ಹಾಕುವಂತಿಲ್ಲ, ಮಗುವನ್ನು ಮಲಗಿಸುವಂತಿಲ್ಲ. 10 ಅಡಿ ಉದ್ದ, 8 ಅಡಿ ಅಗಲದ ಕೋಣೆಯಲ್ಲಿ ಐದು ಚದರ ಅಡಿ ಹೋದರೆ ಹೇಗೋ ಸುಧಾರಿಸಬಹುದು. 4 ಅಡಿಗೆ 5 ಅಡಿಯ ಬಚ್ಚಲುಮನೆಯಲ್ಲಿ ಅಷ್ಟೇ ಜಾಗವೆಂದರೆ ಒಟ್ಟು ನೆಲದ ಕಾಲುಭಾಗ. ಮನೆಯವರೇ ಇದನ್ನು ಅಳೆದು ನೋಡಬಹುದು. ಬಾಗಿಲಿನ ಅಂಚಿಗೆ ಸೀಮೆಸುಣ್ಣ ಹಿಡಿದು ನಿಧಾನವಾಗಿ ಪೂರ್ತಿ ತೆರೆದರೆ ನೆಲದ ಮೇಲೆ ಬಿಲ್ಲಿನಾಕಾರದ ಗೆರೆ ಬೀಳುತ್ತದೆ. ಗೆರೆಯ ಒಳಗಿನ ನೆಲವೆಲ್ಲ ಬಾಗಿಲಿನ ಪಾಲು.

ಬಚ್ಚಲು ಮತ್ತು ಪಾಯಖಾನೆಯ ವಿಷಯದಲ್ಲಿ ಜಾಗಕ್ಕಿಂತ ದೊಡ್ಡ ಮಾತೊಂದಿದೆ. ವಯಸ್ಸಾದವರು, ಬಾಣಂತಿಯರು, ತಲೆಸುತ್ತು ಬರುವವರು ಒದ್ದೆ ನೆಲದ ಮೇಲೆ ಜಾರಿ ಬೀಳುವುದುಂಟು. ಇಕ್ಕಟ್ಟಾದ ಬಚ್ಚಲಿನಲ್ಲಿ ಬಿದ್ದವರ ದೇಹ ಬಾಗಿಲಿಗೆ ಅಡ್ಡವಾಗಿಯೇ ಬೀಳುತ್ತದೆ. ಬಾಗಿಲು ಒಳಗೆ ತೆರೆಯುವಂಥದ್ದಾದರೆ ಹೊರಗಿನವರು ಎಷ್ಟು ತಳ್ಳಿದರೂ ಅದು ಬಿದ್ದವರನ್ನೇ ಒತ್ತುತ್ತದೆಯೇ ಹೊರತು ತೆರೆಯುವುದಿಲ್ಲ. ಕೊನೆಗೆ ಬಾಗಿಲನ್ನು ಒಡೆಯಬೇಕಾಗುತ್ತದೆ, ಒಡೆದ ಹಲಗೆಯೂ ಅವರ ಮೇಲೆಯೇ ಬೀಳುವ ಭಯ. ಗೋಡೆಯ ಹೊರಮೈಯಲ್ಲಿ ಪಕ್ಕಕ್ಕೆ ಸರಿಯುವ ಬಾಗಿಲಿಗೆ ಈ ಅಡ್ಡಿ ಇಲ್ಲ. ಮನೆಯಲ್ಲಿ ಹಿರಿಯರಿದ್ದರೆ ಬೇರೆ ಯಾವ ಬಾಗಿಲನ್ನು ಬದಲಾಯಿಸದಿದ್ದರೂ ಬಚ್ಚಲಿನ ಬಾಗಿಲನ್ನು ಬದಲಾಯಿಸುವುದು ಲೇಸು.

ಆದರೆ ಖರ್ಚಿಗೆ ಮುನ್ನ ಎರಡು ಸುಲಭದ ದಾರಿಗಳನ್ನು ಯೋಚಿಸಬೇಕು. ಬಚ್ಚಲಿನ ಹೊರಗೆ ಜಾಗವಿದ್ದು, ಓಡಾಡುವವರಿಗೆ ತಗಲುವುದಿಲ್ಲವೆಂದಾದರೆ ಅದೇ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂಡಿಸಬಹುದು. ಇನ್ನೊಂದು, ನಮ್ಮ ಹಳೆಯ ಮನೆಗಳ ಜೋಡಿ ಬಾಗಿಲು. ಎರಡೂವರೆ ಅಡಿಯ ಒಂದೇ ಹಲಗೆಯ ಬದಲು ಒಂದೂಕಾಲು ಅಡಿಯ ಎರಡು ಹಲಗೆ ಇದ್ದರೆ ಅವು ಹಿಡಿಯುವ ಜಾಗ ಎರಡೂ ಸೇರಿ ಸುಮಾರು ಎರಡೂವರೆ ಚದರ ಅಡಿ, ಅಂದರೆ ಅರ್ಧಕ್ಕರ್ಧ ಉಳಿತಾಯ. ಹಳೆಯದೆಂದು ಜೋಡಿ ಬಾಗಿಲನ್ನು ಕಿತ್ತು ಒಂಟಿ ಬಾಗಿಲು ಹಾಕಿಸುವವರು ಈ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು. ಈ ಎರಡೂ ಸಾಧ್ಯವಿಲ್ಲದ ಕಡೆ ಸರಿಸುವ ಬಾಗಿಲು, ಅಂದರೆ ಪೇಟೆಯವರು ಸ್ಲೈಡಿಂಗ್ ಡೋರ್ ಎನ್ನುವುದು, ತಕ್ಕ ಉಪಾಯ.

ಇದರಲ್ಲಿ ಎರಡು ಬಗೆ. ನೆಲದ ಹಳಿಯ ಮೇಲೆ ಉರುಳುವುದು ಒಂದು, ಮೇಲಿನ ಹಳಿಯಿಂದ ತೂಗಾಡುವುದು ಇನ್ನೊಂದು. ಹಳ್ಳಿಯ ಮನೆಗೆ ಮೇಲೆ ತೂಗುವುದೇ ಸರಿ. ನೆಲದ ಹಳಿಯಲ್ಲಿ ಮಣ್ಣು, ಕಾಳು, ಹೊಟ್ಟು ಸೇರಿ ಗಾಲಿ ಸಿಕ್ಕಿಹಾಕಿಕೊಳ್ಳುತ್ತದೆ; ಬಚ್ಚಲಿನ ಬಳಿ ನೀರು ನಿಂತು ತುಕ್ಕು ಹಿಡಿಯುತ್ತದೆ; ಕತ್ತಲಲ್ಲಿ ಕಾಲಿಗೆ ಎಡವುತ್ತದೆ.

ಮೊದಲು ಗೋಡೆಯನ್ನು ಪರೀಕ್ಷಿಸಬೇಕು. ಬಾಗಿಲು ಸರಿದು ನಿಲ್ಲಲು ಅದರ ಪಕ್ಕದಲ್ಲಿ ಖಾಲಿ ಗೋಡೆ ಬೇಕು. ಬಾಗಿಲಿನ ಬಾಯಿ 30 ಅಂಗುಲವಿದ್ದರೆ ಹಲಗೆ 34 ಅಂಗುಲವಿರಬೇಕು, ಎರಡೂ ಕಡೆ ಎರಡೆರಡು ಅಂಗುಲ ಗೋಡೆಯ ಮೇಲೆ ಹೊದೆಯಲು. ಆದ್ದರಿಂದ ಪಕ್ಕದಲ್ಲಿ ಮೂರು ಅಡಿ ಬಿಡುವು, ಮೇಲೆ ಸುಮಾರು ಆರು ಅಡಿ ಉದ್ದದ ಹಳಿ ಬೇಕಾಗುತ್ತದೆ. ಸಾಮಾನ್ಯವಾಗಿ ದೀಪದ ಸ್ವಿಚ್ಚು ಇರುವುದು ಬಾಗಿಲಿನ ಪಕ್ಕದಲ್ಲೇ. ಅದನ್ನು ಮೊದಲು ಇನ್ನೊಂದು ಬದಿಗೆ ಸರಿಸಬೇಕು. ಗೋಡೆಯೊಳಗೆ ತಂತಿ ಹಾಯ್ದಿರುವ ಜಾಗವನ್ನು ಗುರುತಿಸದೆ ತೂತು ಕೊರೆಯಬಾರದು.

ಬಾಗಿಲಿನ ಭಾರವನ್ನು ಅನೇಕರು ಕಡಿಮೆ ಅಂದಾಜು ಮಾಡುತ್ತಾರೆ. ಎರಡೂವರೆ ಅಡಿ ಅಗಲ, ಆರೂವರೆ ಅಡಿ ಎತ್ತರ, 30 ಮಿಲಿಮೀಟರ್ ದಪ್ಪದ ತೇಗದ ಹಲಗೆ 30 ಕಿಲೋಗ್ರಾಂ ಹತ್ತಿರ ತೂಗುತ್ತದೆ. ಕೀಲಿನ ಬಾಗಿಲಿನಲ್ಲಿ ಈ ಭಾರವನ್ನು ಚೌಕಟ್ಟು ಹೊರುತ್ತದೆ. ಸರಿಸುವ ಬಾಗಿಲಿನಲ್ಲಿ ಅದೆಲ್ಲ ಹಳಿಯ ಮೇಲೆ, ಹಳಿಯಿಂದ ಗೋಡೆಯ ಮೇಲೆ ಬೀಳುತ್ತದೆ. ಇಟ್ಟಿಗೆ ಅಥವಾ ಕಲ್ಲಿನ ಗೋಡೆಯಾದರೆ ಮೊದಲು ಗಟ್ಟಿ ಮರದ ಪಟ್ಟಿಯೊಂದನ್ನು ಬೋಲ್ಟು ಹಾಕಿ ಗೋಡೆಗೆ ಬಿಗಿದು, ಅದರ ಮೇಲೆ ಹಳಿಯನ್ನು ಕೂಡಿಸಬೇಕು. ಪಟ್ಟಿಯಿಂದ ಇನ್ನೊಂದು ಉಪಯೋಗವೂ ಇದೆ: ಬಾಗಿಲುವಾಡ ಗೋಡೆಗಿಂತ ಮುಂದೆ ಚಾಚಿದ್ದರೆ, ಅಷ್ಟೇ ದಪ್ಪದ ಪಟ್ಟಿ ಹಾಕಿದಾಗ ಹಲಗೆ ಅದಕ್ಕೆ ಉಜ್ಜದೆ ಸರಿಯುತ್ತದೆ. ಮಣ್ಣಿನ ಗೋಡೆಗೆ ಮಾತ್ರ ಹೀಗೆ ಬಿಗಿಯಲೇಬಾರದು. ಅಲ್ಲಿ ಹಳಿಯ ಎರಡು ತುದಿಗೂ ನೆಲದಿಂದ ಮರದ ಕಂಬ ನಿಲ್ಲಿಸಿ, ಅವುಗಳ ಮೇಲೆ ತೊಲೆ ಇಟ್ಟು, ಭಾರ ನೆಲಕ್ಕೇ ಇಳಿಯುವಂತೆ ಮಾಡಬೇಕು.

ಹಳೆಯ ಹಲಗೆಯನ್ನು ಎಸೆಯಬೇಕಾಗಿಲ್ಲ. ಕೀಲು ಬಿಚ್ಚಿ, ಎರಡೂ ಅಂಚಿಗೆ ಒಣಗಿದ ಮರದ ಪಟ್ಟಿ ಜೋಡಿಸಿ ಅಗಲ ಹೆಚ್ಚಿಸಿಕೊಳ್ಳಬಹುದು. ಬಚ್ಚಲಿಗೆ ಹಗುರವಾದ ಪಿ.ವಿ.ಸಿ. ಹಲಗೆ ಮೇಲು, ನೀರಿಗೆ ಹಾಳಾಗುವುದಿಲ್ಲ, ಹಳಿಯ ಮೇಲೆ ಭಾರವೂ ಕಡಿಮೆ. ಮಲೆನಾಡಿನವರಿಗೆ ಇನ್ನೊಂದು ಅನುಕೂಲ. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಚೌಕಟ್ಟಿನಲ್ಲಿ ಬಿಗಿದುಕೊಳ್ಳುವ ಗೋಳು ಇದಕ್ಕಿಲ್ಲ, ಏಕೆಂದರೆ ಇದು ಚೌಕಟ್ಟಿನ ಹೊರಗೆ ತೂಗಾಡುತ್ತದೆ. ಹಸಿ ಮರವಾದರೆ ಸೊಟ್ಟಗಾಗುವುದನ್ನು ಮಾತ್ರ ತಪ್ಪಿಸಲಾಗದು.

ಹಳಿಯನ್ನು ರಸಮಟ್ಟ ಇಟ್ಟು ಸಮವಾಗಿ ಕೂಡಿಸಬೇಕು. ಒಂದು ಕಡೆ ತುಸು ಇಳಿಜಾರಾದರೂ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ ಇಲ್ಲವೆ ಮುಚ್ಚಿಕೊಳ್ಳುತ್ತದೆ. ಹಲಗೆಯ ಕೆಳ ಅಂಚು ನೆಲದಿಂದ ಅರ್ಧ ಅಂಗುಲ ಮೇಲಿದ್ದರೆ ಸಾಕು. ಗಾಳಿಗೆ ಅದು ಅಲ್ಲಾಡದಂತೆ ಕೆಳಗೆ ಮೂಲೆಯಲ್ಲಿ ಒಂದು ಚಿಕ್ಕ ಹಿಡಿಕೆ ಬೇಕು. ಹಳಿಯ ಎರಡೂ ತುದಿಗೆ ತಡೆ ಇರಲೇಬೇಕು, ಗಾಲಿ ಹಳಿಯಿಂದ ಹಾರದಂತೆ ಮೇಲೂ ಒಂದು ತಡೆ ಇರಬೇಕು. ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗ ದುಡ್ಡುಳಿಸಲು ಜನರು ಬಿಟ್ಟುಬಿಡುವುದು ಈ ತಡೆಗಳನ್ನೇ. ಮಕ್ಕಳು ಎಳೆದಾಡುವ ಬಾಗಿಲು ಹಳಿ ತಪ್ಪಿದರೆ ಆ 30 ಕಿಲೋ ಎಲ್ಲಿ ಬೀಳುತ್ತದೆಂದು ಹೇಳಬೇಕಾಗಿಲ್ಲ.

ಒಳಗಿನಿಂದ ಹಾಕುವ ಚಿಲಕ ಕೊಕ್ಕೆಯಾಕಾರದ್ದಾಗಿರಬೇಕು. ನೇರ ಚಿಲಕ ಪಕ್ಕಕ್ಕೆ ಸರಿಯುವ ಹಲಗೆಯನ್ನು ಹಿಡಿಯುವುದಿಲ್ಲ. ಬಚ್ಚಲಿನದಾದರೆ ಹೊರಗಿನಿಂದಲೂ ನಾಣ್ಯ ಹಾಕಿ ತಿರುಗಿಸಿ ತೆಗೆಯಬಹುದಾದ ಚಿಲಕವನ್ನೇ ಆರಿಸಬೇಕು. ಬಿದ್ದವರನ್ನು ಹೊರತರಲೆಂದು ಬಾಗಿಲು ಬದಲಾಯಿಸಿ, ಒಳಗೆ ಹಳೆಯ ಅಗಳಿಯನ್ನೇ ಉಳಿಸಿಕೊಂಡರೆ ಮಾಡಿದ ಖರ್ಚೆಲ್ಲ ವ್ಯರ್ಥ. ಗಾಲಿಕುರ್ಚಿ ಬಳಸುವವರಿರುವ ಮನೆಯಲ್ಲಿ ಬಾಗಿಲಿನ ಬಾಯಿಯನ್ನೇ ಮೂರು ಅಡಿಗೆ ಅಗಲ ಮಾಡಿಸಿ, ಹೊಸ್ತಿಲಿನ ಎತ್ತರಕ್ಕೆ ಇಳಿಜಾರು ಕೊಡುವುದು ಮೇಲು.

ಇನ್ನು ಈ ಬಾಗಿಲು ಎಲ್ಲಿ ಬೇಡ ಎಂಬುದು. ಬೀದಿ ಬಾಗಿಲಿಗೆ ಬೇಡ. ಹೊರಗಿನ ಹಳಿಯನ್ನು ಮೀಟಿ ತೆಗೆಯುವುದು ಕಳ್ಳರಿಗೆ ಸುಲಭ, ಮಳೆಯ ಎರಚಲೂ ಒಳಗೆ ಬರುತ್ತದೆ. ಹೊಸ್ತಿಲ ಪೂಜೆಯ ಮನೆಗಳಲ್ಲಿ ಹಿರಿಯರು ಒಪ್ಪುವುದೂ ಇಲ್ಲ. ಕಾಳಿನ ಕೋಣೆಗೆ ಬೇಡ. ಹಲಗೆಗೂ ಗೋಡೆಗೂ ನಡುವೆ ಸಂದು ಉಳಿದೇ ಉಳಿಯುತ್ತದೆ, ಕಾಲು ಅಂಗುಲದ ಸಂದಿನಲ್ಲಿ ಚಿಕ್ಕ ಇಲಿ ನುಸುಳಬಲ್ಲದು. ಸೌದೆ ಒಲೆಯ ಅಡಿಗೆಮನೆಗೂ ಇದು ಹೊಂದದು. ಹೊಗೆ ಅದೇ ಸಂದಿನಿಂದ ಮಲಗುವ ಕೋಣೆಗೆ ಬರುತ್ತದೆ. ಬಚ್ಚಲಿನಲ್ಲೂ ನಲ್ಲಿ, ಹಂಡೆ ಬಾಗಿಲಿಗೆ ಎದುರಾಗಿದ್ದರೆ ಎರಚಿದ ನೀರು ಹಲಗೆಯ ಮೇಲಿಂದ ಹೊರಕ್ಕೆ ಇಳಿಯುತ್ತದೆ, ಆದ್ದರಿಂದ ನಲ್ಲಿಯನ್ನು ದೂರದ ಗೋಡೆಗೆ ಹಾಕಿಸಬೇಕು.

ಕೂಡಿಸಿದ ಮೊದಲ ತಿಂಗಳಲ್ಲಿ ಮರ ಕೂತು ಬೋಲ್ಟುಗಳು ಸಡಿಲವಾಗಬಹುದು. ಆಗ ಒಮ್ಮೆ, ಮುಂದೆ ಆರು ತಿಂಗಳಿಗೊಮ್ಮೆ ಅವನ್ನು ಬಿಗಿಮಾಡಬೇಕು. ಹಳಿಯನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು. ನೈಲಾನ್ ಗಾಲಿಗೆ ಎಣ್ಣೆ ಬಿಡುವುದು ಬೇಡ, ಎಣ್ಣೆಗೆ ದೂಳು ಅಂಟಿ ಗಾಲಿ ಇನ್ನಷ್ಟು ಬಿಗಿಯಾಗುತ್ತದೆ. ಸರಿಸುವಾಗ ಕಟಕಟ ಸದ್ದು ಕೇಳಿದರೆ ಗಾಲಿ ಸವೆದಿದೆ ಎಂದು ತಿಳಿದು, ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಒಂದನ್ನೇ ಬದಲಾಯಿಸಿದರೆ ಹಲಗೆ ವಾಲಿ ನಿಲ್ಲುತ್ತದೆ.