ಊರಿನ ನೆಮ್ಮದಿ: ಬೀಟ್ ಪೊಲೀಸರು, ಮುಚ್ಚಳಿಕೆ ಮತ್ತು ನಮ್ಮ ಸಂಘ

(ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹಾಲಿನ ಸಂಘದ ಬೆಳ್ಳಿಹಬ್ಬದಲ್ಲಿ ಪೊಲೀಸು, ಕೋರ್ಟು ಅಂತ ಮಾತಾಡೋಕೆ ನಿಂತಿದ್ದಾರಲ್ಲ, ಇವರಿಗೇನಾಯ್ತು ಅಂತ ಕೆಲವರು ಅಂದುಕೊಳ್ಳಬಹುದು. ಫ್ಯಾಟು, ಡಿಗ್ರಿ, ಮೇವು, ಲಸಿಕೆ, ಇವುಗಳ ವಿಚಾರವನ್ನು ನಮಗಿಂತ ಮೊದಲು ಮಾತಾಡಿದವರು ಚೆನ್ನಾಗಿಯೇ ತಿಳಿಸಿದ್ದಾರೆ. ಆದರೆ ಸಂಜೆ ಹೊತ್ತು ಹೆಣ್ಣುಮಗಳೊಬ್ಬಳು ನೆಮ್ಮದಿಯಾಗಿ ಡೇರಿಗೆ ಬಂದು ಹಾಲು ಹಾಕಿ ಮನೆಗೆ ಹೋಗೋಕೆ ಆಗದಿದ್ದರೆ ಫ್ಯಾಟಿನ ಲೆಕ್ಕ ಕಟ್ಟಿಕೊಂಡು ಏನು ಮಾಡೋದು? 2000ದಲ್ಲಿ ಶುರುವಾದ ನಮ್ಮ ಸಂಘಕ್ಕೆ ಅಂಥದ್ದೊಂದು ಕಾಲ ಬಂದಿತ್ತು. ಹೊಸದಾಗಿ ಸೊಸೆಯಂದಿರಾಗಿ ಬಂದವರಿಗೆ, ಈಗಿನ ಹುಡುಗರಿಗೆ ಅದು ಗೊತ್ತಿರಲಿಕ್ಕಿಲ್ಲ. ಅದಕ್ಕಾಗಿ ಈ ಮಾತು.

2016ರಿಂದ ಈಚೆಗೆ ಡೇರಿ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ, ಬೆಂಕಿಪೊಟ್ಟಣದ ಜೊತೆಗೆ 90 ಎಂ.ಎಲ್. ಪೊಟ್ಟಣವೂ ಸಿಗೋಕೆ ಶುರುವಾಯ್ತು. ಪಟ್ಟಣದ ಲೈಸೆನ್ಸ್ ಅಂಗಡಿಯಿಂದ ಚೀಲದಲ್ಲಿ ತಂದು, ಮೇಲೆ ಹತ್ತು ಹದಿನೈದು ರೂಪಾಯಿ ಇಟ್ಟು ಮಾರೋದು. ಹಿಂದುಗಡೆ ಒಂದು ತಗಡಿನ ಮರೆ, ಅದರಡಿ ಕುಡಿಯೋದು. ಮೋರಿ ಕಟ್ಟೆ ಮೇಲೆ ಇಸ್ಪೀಟು. ಬಟವಾಡೆ ದಿನ ಬಂದರಂತೂ ಅಂದರ್ ಬಾಹರ್ ಜಾತ್ರೆ. ಹದಿನೈದು ದಿನ ಹೆಂಡತಿ ಹುಲ್ಲು ಹೊತ್ತು, ಸಗಣಿ ಬಾಚಿ, ಕರೆದ ಹಾಲಿನ ದುಡ್ಡು ಮೋರಿ ದಾಟಿ ಮನೆ ತಲುಪುತ್ತಿರಲಿಲ್ಲ. ಸಾಯಂಕಾಲದ ಹಾಲಿನ ಹೊತ್ತಿಗೆ ದಾರಿಯಲ್ಲಿ ಹೋಗೋ ಹೆಣ್ಣುಮಕ್ಕಳ ಮೇಲೆ ಪೋಲಿ ಮಾತು, ಮೋಟಾರ್ ಸೈಕಲ್ ಅಡ್ಡ ಹಾಕೋದು. ಹೈಸ್ಕೂಲು ಓದೋ ಮಕ್ಕಳನ್ನು ಡೇರಿಗೆ ಕಳಿಸೋದನ್ನು ಜನ ನಿಲ್ಲಿಸಿದರು. ಕೆಲವು ಮನೆಯವರು ಮನೆ ಬಾಗಿಲಿಗೇ ಬರೋ ಖಾಸಗಿ ಹಾಲಿನವನಿಗೆ ಕಡಿಮೆ ರೇಟಿಗೆ ಹಾಕೋಕೆ ಶುರು ಮಾಡಿದರು. ಕಾರ್ಯದರ್ಶಿಗಳು ಸಂಜೆಯ ಸರದಿಯಲ್ಲಿ ಹಾಲು ಇಳೀತಾ ಇದೆ ಅಂತ ರಿಜಿಸ್ಟರ್ ತೋರಿಸಿದ ಮೇಲೆಯೇ ಇದು ಆಡಳಿತ ಮಂಡಳಿಯ ವಿಷಯವಾಗಿದ್ದು.

ಮೊದಲು ಊರ ಪಂಚಾಯ್ತಿ ಆಯ್ತು. ಅರಳಿಕಟ್ಟೆ ಮೇಲೆ ಹಿರಿಯರು ಕೂತು ಬುದ್ಧಿ ಹೇಳಿದರು, ದಂಡ ಹಾಕಿದರು. ಅಂಗಡಿಯವನು ದಂಡ ಕಟ್ಟಿ, ಅದನ್ನೂ ಪೊಟ್ಟಣದ ರೇಟಿಗೆ ಸೇರಿಸಿಕೊಂಡ! ದೇವಸ್ಥಾನದಲ್ಲಿ ಆಣೆ ಮಾಡಿಸೋಣ ಅಂದರು ಕೆಲವರು. ಆಣೆಯ ಮಾತೆತ್ತಿದವರಲ್ಲೇ ಇಬ್ಬರು ತಗಡಿನ ಮರೆಯ ಗಿರಾಕಿಗಳು. ಹುಡುಗರು, ಅಂಗಡಿಗೆ ಬೆಂಕಿ ಇಡೋಣ, ಕಂಬಕ್ಕೆ ಕಟ್ಟಿ ನಾಲ್ಕು ಬಿಡೋಣ ಅಂದರು. ಅದಕ್ಕೆ ನಾವು ಖಂಡಿತ ಒಪ್ಪಲಿಲ್ಲ. ಕಂಬಕ್ಕೆ ಕಟ್ಟಿದವನೇ ಮಾರನೇ ದಿನ ಆರೋಪಿ ಆಗ್ತಾನೆ, ಅಂಗಡಿಯವನು ಫಿರ್ಯಾದಿ ಆಗ್ತಾನೆ.

ಇನ್ನೊಂದು ಮಾತು ಬಂತು, ಅದು ಬಹಳ ಗಟ್ಟಿಯಾಗೇ ಬಂತು. ಅಂಗಡಿಯವನ ಮನೆಯ ಹಾಲನ್ನು ಡೇರಿಯಲ್ಲಿ ತಗೋಬಾರದು ಅಂತ. ಅವನ ಹೆಂಡತಿ ನಮ್ಮ ಸಂಘದ ಸದಸ್ಯೆ, ಎರಡು ಹಸು ಕಟ್ಟಿ ಇಬ್ಬರು ಮಕ್ಕಳನ್ನು ಓದಿಸ್ತಾ ಇದ್ದರು. ಸಭೆಯಲ್ಲಿ ಮೂರು ಗಂಟೆ ಕಾಲ ಗದ್ದಲ. ನಮ್ಮಲ್ಲೇ ಎರಡು ಪಂಗಡ ಆಗೋ ಹಾಗಿತ್ತು. ಸಂಘದ ಬೈಲಾದಲ್ಲಿ ಹಾಲು ಬೇಡ ಅನ್ನೋಕೆ ಕಾರಣ ಅಂತ ಬರೆದಿರೋದು ಹಾಲಿನ ಗುಣಮಟ್ಟ, ಗಂಡನ ಗುಣಮಟ್ಟ ಅಲ್ಲ ಅಂತ ಅಂದಿನ ಅಧ್ಯಕ್ಷರು ಹೇಳಿದಾಗ ಎಲ್ಲರೂ ನಕ್ಕರು, ಗಲಾಟೆ ತಣ್ಣಗಾಯ್ತು. ಆ ತಾಯಿಯ ಹಾಲು ಒಂದು ಹೊತ್ತೂ ನಿಲ್ಲಲಿಲ್ಲ. ಅದು ಸರಿಯಾದ ತೀರ್ಮಾನ ಅಂತ ನಾವು ಇವತ್ತಿಗೂ ಹೇಳ್ತೇವೆ. ಬಹಿಷ್ಕಾರ ಹಾಕೋದು ಕಾನೂನಿಗೂ ವಿರುದ್ಧ, ಸಹಕಾರ ತತ್ವಕ್ಕೂ ವಿರುದ್ಧ.

ಅದೇ ಸಮಯಕ್ಕೆ, 2017ರಲ್ಲಿ, ಕರ್ನಾಟಕ ಪೊಲೀಸ್ ಇಲಾಖೆಯವರು ಸುಧಾರಿತ ಗಸ್ತು ವ್ಯವಸ್ಥೆ ಅಂತ ತಂದರು. ಮುಂಚೆ ಬೀಟ್ ಅಂದರೆ ರಾತ್ರಿ ಬಂದು ಪುಸ್ತಕಕ್ಕೆ ಸಹಿ ಹಾಕಿ ಹೋಗೋದು. ಹೊಸ ಪದ್ಧತಿಯಲ್ಲಿ ಠಾಣೆಯ ಒಬ್ಬೊಬ್ಬ ಪೊಲೀಸಿನವರಿಗೂ ಒಂದೊಂದು ಊರು ಅಥವಾ ಬಡಾವಣೆ ಹಂಚಿ, ಆ ಜಾಗದ ಜವಾಬ್ದಾರಿ ಅವರದೇ ಅಂತ ಮಾಡಿದರು. ಊರಿನ ನಾಗರಿಕರನ್ನು ಬೀಟ್ ಸದಸ್ಯರನ್ನಾಗಿ ಸೇರಿಸಿಕೊಂಡು ಸಭೆ ಮಾಡಬೇಕು ಅಂತಲೂ ಹೇಳಿದರು. ಹಾಗೆ ನೋಡಿದರೆ ಈ ಯೋಚನೆ ಪೂರಾ ಹೊಸದೇನಲ್ಲ. ಗ್ರಾಮ ರಕ್ಷಣಾ ದಳದ ಕಾಯ್ದೆ ನಮ್ಮ ರಾಜ್ಯದಲ್ಲಿ 1964ರಿಂದಲೇ ಇದೆ. ತಮಿಳುನಾಡಿನ ರಾಮನಾಥಪುರದಲ್ಲಿ 1993ರಲ್ಲೇ ಪೊಲೀಸರ ಗೆಳೆಯರು ಅಂತ ಒಂದು ಕೂಟ ಶುರುವಾಗಿತ್ತು. ಕೇರಳದವರು 2008ರಲ್ಲಿ ಜನಮೈತ್ರಿ ಅಂತ ಮಾಡಿ, ಪೊಲೀಸರೇ ಮನೆ ಮನೆಗೆ ಹೋಗೋ ಹಾಗೆ ಮಾಡಿದರು. ನಮ್ಮಲ್ಲೂ 2025ರ ಜುಲೈನಲ್ಲಿ ಮನೆ ಮನೆಗೆ ಪೊಲೀಸ್ ಅನ್ನೋ ಕಾರ್ಯಕ್ರಮ ಆರಂಭವಾಗಿದೆ.

ನಮ್ಮ ಊರಿಗೆ ಹಂಚಿಕೆಯಾಗಿ ಬಂದವರು ಒಬ್ಬ ಚಿಕ್ಕ ವಯಸ್ಸಿನ ಪೊಲೀಸಿನವರು. ಬೀಟ್ ಸಭೆ ಎಲ್ಲಿ ಮಾಡೋದು ಅಂತ ಕೇಳಿದರು. ಅರಳಿಕಟ್ಟೆಗೆ ಹೆಂಗಸರು ಬರೋಲ್ಲ, ಎಲ್ಲಾ ಜಾತಿಯವರೂ ಸಲೀಸಾಗಿ ಹತ್ತೋಲ್ಲ. ಡೇರಿಗಾದರೆ ಎಲ್ಲರೂ ಬಂದೇ ಬರ್ತಾರೆ, ಸಾಲಿನಲ್ಲಿ ಹಿಂದೆ ಮುಂದೆ ನಿಂತೇ ನಿಲ್ತಾರೆ. ಅದಕ್ಕೆ ಡೇರಿ ಅಂಗಳದಲ್ಲೇ, ಸಂಜೆ ಹಾಲು ಮುಗಿದ ಮೇಲೆ ಅಂತ ಗೊತ್ತುಮಾಡಿದೆವು. ನಮ್ಮ ಸಂಘ ಈ ಕೆಲಸಕ್ಕೆ ಕೊಟ್ಟ ದೊಡ್ಡ ಕಾಣಿಕೆ ಅಂದರೆ ಅದೇ ಅಂಗಳ.

ಮೊದಲ ಸಭೆಗೆ ಊರಿನ ದೊಡ್ಡವರು ಕೆಲವರು ಒಂದು ಪಟ್ಟಿ ಬರೆದುಕೊಂಡು ಬಂದಿದ್ದರು. ಪುಂಡರ ಪಟ್ಟಿ ಅಂತ. ಓದಿ ನೋಡಿದರೆ ಪೂರಾ ಕೆಳಗಿನ ಕೇರಿಯ ಹುಡುಗರ ಹೆಸರು. ತೋಟದ ಪಂಪ್‌ಹೌಸಿನಲ್ಲಿ ಫ್ಯಾನು ಹಾಕಿಕೊಂಡು ಸಾವಿರಾರು ರೂಪಾಯಿ ಇಸ್ಪೀಟು ಆಡೋ ದೊಡ್ಡ ಮನೆಯವರ ಒಬ್ಬರ ಹೆಸರೂ ಇಲ್ಲ. ಆ ಪಟ್ಟಿಗೆ ಸಂಘದ ಸೀಲು ಹಾಕಿಕೊಡಿ ಅಂದರು. ನಾವು ಹಾಕಲಿಲ್ಲ. ಹೆಸರು ಬೇಡ; ಎಲ್ಲಿ, ಯಾವ ಹೊತ್ತಿನಲ್ಲಿ, ಏನು ನಡೀತು, ಅಷ್ಟು ಬರೆಯೋಣ ಅಂದೆವು. ಒಂದು ನೋಟ್ ಬುಕ್ಕು ಇಟ್ಟೆವು. ಅದರಲ್ಲಿ ಮೋರಿಯೂ ಬಂತು, ಪಂಪ್‌ಹೌಸೂ ಬಂತು. ಇದರಿಂದ ನಮ್ಮ ಮೇಲೆ ಮುನಿಸಿಕೊಂಡವರು ಈಗಲೂ ಇದ್ದಾರೆ, ಈ ಸಭೆಯಲ್ಲೂ ಕೂತಿರಬಹುದು. ಕೂತಿರಲಿ. ಬೀಟ್ ವ್ಯವಸ್ಥೆ ಎಡವೋದು ಇಲ್ಲೇ. ಪೊಲೀಸರ ಕಿವಿ ಯಾರ ಕೈಯಲ್ಲಿದೆ ಅನ್ನೋದರ ಮೇಲೆ ಅದು ಊರಿಗೆ ರಕ್ಷಣೆಯೋ ಅಥವಾ ಬಡವರಿಗೆ ಕಿರುಕುಳವೋ ಅಂತ ತೀರ್ಮಾನ ಆಗುತ್ತೆ.

ಆಮೇಲೆ ದಾಳಿ ನಡೀತು. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಅಂಗಡಿಯವನ ಮೇಲೆ, ಕರ್ನಾಟಕ ಪೊಲೀಸ್ ಕಾಯ್ದೆ 1963ರ ಪ್ರಕಾರ ಜೂಜಿನವರ ಮೇಲೆ ಕೇಸು ಆಯ್ತು. ಜೂಜಿನವರು ದಂಡ ಕಟ್ಟಿ ಬಂದರು, ಇವನು ಜಾಮೀನಿನ ಮೇಲೆ ಬಂದ. ಮೂರನೇ ದಿನ ತಗಡಿನ ಮರೆ ಮತ್ತೆ ಎದ್ದಿತ್ತು. ಆಗ ಆ ಪೊಲೀಸಿನವರೇ ನಮಗೆ ಮುಚ್ಚಳಿಕೆಯ ವಿಚಾರ ಬಿಡಿಸಿ ಹೇಳಿದರು.

ಇದನ್ನು ಸ್ವಲ್ಪ ಗಮನ ಇಟ್ಟು ಕೇಳಬೇಕು. ಕೇಸು ಅನ್ನೋದು ಆಗಿಹೋದ ತಪ್ಪಿಗೆ. ಮುಚ್ಚಳಿಕೆ ಅನ್ನೋದು ಮುಂದೆ ಆಗಬಾರದು ಅಂತ. ನಮ್ಮ ಹಿರಿಯರು "ಅವನ ಮೇಲೆ 107 ಹಾಕಿಸಿದ್ದಾರೆ" ಅಂತಿದ್ದರಲ್ಲ, ಅದು 1973ರ ದಂಡ ಪ್ರಕ್ರಿಯಾ ಸಂಹಿತೆಯ ಕಲಂ. 2024ರ ಜುಲೈ 1ರಿಂದ ಆ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೇ 107 ಈಗ 126 ಆಗಿದೆ, ಹಳೇ 110 ಈಗ 129 ಆಗಿದೆ. ಶಾಂತಿ ಕದಡುವವನ ಮೇಲೆ 126ರಲ್ಲಿ ಹೆಚ್ಚೆಂದರೆ ಒಂದು ವರ್ಷದ ಮುಚ್ಚಳಿಕೆ. ಚಾಳಿಬಿದ್ದ ಅಪರಾಧಿಯ ಮೇಲೆ 129ರಲ್ಲಿ ಹೆಚ್ಚೆಂದರೆ ಮೂರು ವರ್ಷ. ಇದನ್ನು ನೋಡೋದು ಕಾರ್ಯನಿರ್ವಾಹಕ ದಂಡಾಧಿಕಾರಿ, ಅಂದರೆ ನಮ್ಮ ಮಟ್ಟಿಗೆ ತಹಸೀಲ್ದಾರರು. ಏನು ಆಪಾದನೆ ಅಂತ ನೋಟೀಸಿನಲ್ಲಿ ಬರೆದು ತಿಳಿಸಬೇಕು, ಅವನ ಮಾತೂ ಕೇಳಬೇಕು, ವಿಚಾರಣೆ ಆರು ತಿಂಗಳಲ್ಲಿ ಮುಗಿಸಬೇಕು. ಮುಚ್ಚಳಿಕೆ ಬರೆದುಕೊಟ್ಟು ಮುರಿದರೆ ಹಣ ಮುಟ್ಟುಗೋಲು. ಬರೆದುಕೊಡದೇ ಹಟ ಮಾಡಿದರೆ ಜೈಲು.

ಇದರಲ್ಲೂ ಒಂದು ಕೆಟ್ಟ ಪದ್ಧತಿ ಇದೆ. ಎಷ್ಟೋ ಕಡೆ ಜಗಳದ ದೂರು ಬಂದ ಕೂಡಲೇ ಎರಡೂ ಕಡೆಯವರ ಮೇಲೆ ಸಮನಾಗಿ ನೋಟೀಸು ಕಳಿಸಿಬಿಡೋದು. ಏಟು ತಿಂದವನೂ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯಬೇಕು. ಹಾಗಾದರೆ ದೂರು ಕೊಡೋಕೆ ಯಾರು ಮುಂದೆ ಬರ್ತಾರೆ? ನಮ್ಮ ಪ್ರಕರಣದಲ್ಲಿ ನೋಟ್ ಬುಕ್ಕಿನ ತಾರೀಕು, ಸಮಯ ಎಲ್ಲಾ ಇದ್ದದ್ದರಿಂದ ಒಂದೇ ಕಡೆಯ ಮೇಲೆ ಆಯ್ತು. 2018ರಲ್ಲಿ ಅವನು ಒಂದು ವರ್ಷದ ಮುಚ್ಚಳಿಕೆ ಬರೆದುಕೊಟ್ಟ.

ಆ ಒಂದು ವರ್ಷ ನಿಜವಾಗಿ ಬದಲಾವಣೆ ಕಂಡೆವು. ವರ್ಷ ಮುಗಿದ ವಾರಕ್ಕೆ ಪೊಟ್ಟಣ ಮತ್ತೆ ಬಂತು. ಆಗ ನಾವು ಹಿಡಿದದ್ದು ಇನ್ನೊಂದು ಕಲಂ, ಹಳೇ 133, ಈಗಿನ 152. ಸಾರ್ವಜನಿಕ ದಾರಿಯಲ್ಲಿ ಅಡಚಣೆ ಅಥವಾ ಉಪದ್ರವ ಇದ್ದರೆ ದಂಡಾಧಿಕಾರಿಗಳು ಷರತ್ತಿನ ಆದೇಶ ಮಾಡಬಹುದು: ಇಷ್ಟು ದಿನದೊಳಗೆ ತೆಗಿ, ಇಲ್ಲವೇ ಬಂದು ಕಾರಣ ಹೇಳು ಅಂತ. ಕಾರಣ ಒಪ್ಪಿಗೆಯಾಗದಿದ್ದರೆ ಆದೇಶ ಕಾಯಂ. ಈ ಕಲಮಿಗೆ ಎಷ್ಟು ಬಲ ಇದೆ ಅನ್ನೋಕೆ ಮಧ್ಯಪ್ರದೇಶದ ರತ್ಲಾಮ್ ಪುರಸಭೆಯ ಮೊಕದ್ದಮೆ ಇದೆ. ಅಲ್ಲಿನ ನಿವಾಸಿಗಳು ಚರಂಡಿಯ ಹೊಲಸಿನ ಮೇಲೆ ಇದೇ 133ರಲ್ಲಿ ಅರ್ಜಿ ಹಾಕಿದ್ದರು. ಪುರಸಭೆ ದುಡ್ಡಿಲ್ಲ ಅಂತು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ದುಡ್ಡಿಲ್ಲ ಅನ್ನೋದು ನೆಪ ಆಗೋಲ್ಲ ಅಂತ ತೀರ್ಪು ಕೊಟ್ಟರು. ಪುರಸಭೆಯನ್ನೇ ಬಗ್ಗಿಸಿದ ಕಲಮು ತಗಡಿನ ಮರೆಯನ್ನು ಬಿಡುತ್ತಾ?

ಉಪವಿಭಾಗಾಧಿಕಾರಿಗಳ ಕೋರ್ಟಿಗೆ ನಮ್ಮ ಅರ್ಜಿ 2019ರಲ್ಲಿ ಹೋಯ್ತು. ತಾರೀಕಿನ ಮೇಲೆ ತಾರೀಕು. ಸಾಕ್ಷಿ ಹೇಳೋಕೆ ಗಂಡಸರು ಹಿಂದೆ ಸರಿದಾಗ ನಾಲ್ಕು ಜನ ಹೆಂಗಸರು ಬೆಳಿಗ್ಗೆ ಹಾಲು ಹಾಕಿ, ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರು. ಅವರ ಹೆಸರು ಹೇಳಬಾರದು ಅಂತ ಅವರೇ ಅಂದಿದ್ದಾರೆ, ಹೇಳೋದಿಲ್ಲ. ಅಷ್ಟರಲ್ಲಿ 2020ರ ಲಾಕ್‌ಡೌನ್ ಬಂತು. ಮಾರ್ಚ್ ಕೊನೆಯಿಂದ ಮೇ 4ರ ತನಕ ರಾಜ್ಯದಲ್ಲಿ ಮದ್ಯದ ಅಂಗಡಿಗಳೇ ಮುಚ್ಚಿದ್ದವು. ಆ ಆರು ವಾರ ನಮ್ಮೂರಿನ ಸಂಜೆ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ. ಬಾಗಿಲು ತೆಗೆದ ಮೊದಲ ದಿನ ಪಟ್ಟಣದಲ್ಲಿ ನಿಂತ ಸಾಲನ್ನೂ ನೆನಪು ಮಾಡಿಕೊಳ್ಳಿ. ಕಾಯಂ ಆದೇಶ ಬರೋ ಹೊತ್ತಿಗೆ 2021. ಮರೆ ಕಿತ್ತರು, ದಾರಿ ಬಿಡುವಾಯ್ತು. ಆ ಜಾಗದಲ್ಲಿ ಈಗ ನಮ್ಮ ಸಂಘದ ಮೇವಿನ ಮೂಟೆ ಇಳಿಸ್ತಾರೆ. ಅಂಗಡಿಯವನು ಈಗ ಎಳನೀರು ವ್ಯಾಪಾರ ಮಾಡ್ತಾನೆ, ನಮ್ಮ ಎದುರಿಗೇ ಮಾಡ್ತಾನೆ, ಮಾತೂ ಆಡ್ತಾನೆ.

ಹೆಂಗಸರಿಂದ ಏನಾಗುತ್ತೆ ಅನ್ನೋರಿಗೆ ಒಂದು ಮಾತು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನೋ ಹಳ್ಳಿಯಲ್ಲಿ ಅಕ್ಷರ ಕಲಿಯೋಕೆ ಕೂತ ಹೆಂಗಸರು ಎದ್ದುನಿಂತು ಸಾರಾಯಿ ಬೇಡ ಅಂದರು. ಅದು ಹಳ್ಳಿಯಿಂದ ಹಳ್ಳಿಗೆ ಹಬ್ಬಿ, 1993ರಲ್ಲಿ ಆ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯ್ತು. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಂದು ಆಯ್ತು. ಸಾರಾಯಿ ಹೋಯ್ತು, ಅದರ ಜಾಗಕ್ಕೆ ಈ ಪೊಟ್ಟಣ ಬಂತು ಅನ್ನೋದು ಬೇರೆ ಮಾತು.

ಮನೆಯೊಳಗೆ ಕುಡಿದು ಬಂದು ಹೊಡೆಯೋರ ವಿಚಾರಕ್ಕೆ ಬೀಟ್ ಸಭೆ ಸಾಲದು. ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಅಂಗನವಾಡಿಯವರ ಮೇಲಧಿಕಾರಿ ಸಿ.ಡಿ.ಪಿ.ಒ. ಅವರೇ ತಾಲ್ಲೂಕಿನ ರಕ್ಷಣಾಧಿಕಾರಿ. ಅಂಗನವಾಡಿ ಟೀಚರಿಗೆ ಹೇಳಿದರೂ ದಾರಿ ತೋರಿಸ್ತಾರೆ. ಮ್ಯಾಜಿಸ್ಟ್ರೇಟರು ಸಂರಕ್ಷಣಾ ಆದೇಶ ಕೊಟ್ಟ ಮೇಲೆ ಗಂಡ ಅದನ್ನು ಮೀರಿದರೆ ಒಂದು ವರ್ಷದವರೆಗೆ ಜೈಲು, ಇಪ್ಪತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ವಕೀಲರಿಗೆ ದುಡ್ಡಿಲ್ಲ ಅಂತ ಹೆಂಗಸರು ಹಿಂದೆ ಸರಿಯಬೇಕಾಗಿಲ್ಲ. ಮಹಿಳೆಯರಿಗೆ, ಪರಿಶಿಷ್ಟರಿಗೆ ವರಮಾನ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ.

ಗಡಿಪಾರು ಮಾಡಿಸಿ ಅಂತ ಈಚೆಗೆ ಕೆಲವರು ಕೇಳ್ತಾರೆ. ಪೊಲೀಸ್ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಗಡಿಪಾರಿಗೆ ಅವಕಾಶ ಇದೆ, ನಿಜ. ಆದರೆ ಅದು ಜನರ ಪ್ರಾಣಕ್ಕೆ, ಆಸ್ತಿಗೆ ಅಪಾಯ ತರೋರಿಗೆ. ಮೋರಿ ಕಟ್ಟೆ ಮೇಲೆ ಕೂತು ಶಿಳ್ಳೆ ಹೊಡೆಯೋ ಹತ್ತೊಂಬತ್ತು ವರ್ಷದ ಹುಡುಗನನ್ನು ಜಿಲ್ಲೆ ದಾಟಿಸಿದರೆ ಅಲ್ಲಿ ಅವನಿಗೆ ಸಿಗೋ ಸಹವಾಸ ಇಲ್ಲಿಗಿಂತ ಕೆಟ್ಟದು. ಅಂಥ ಇಬ್ಬರನ್ನು ಬೀಟ್ ಪೊಲೀಸಿನವರು ತಂದೆತಾಯಿ ಜೊತೆ ಡೇರಿಗೆ ಕರೆಸಿ ಮಾತಾಡಿದರು. ಒಬ್ಬ ಈಗ ನಮ್ಮ ಹಾಲಿನ ರೂಟಿನ ಗಾಡಿ ಓಡಿಸ್ತಾನೆ. ಇನ್ನೊಬ್ಬ ಬೆಂಗಳೂರಿಗೆ ಹೋದ, ಸುದ್ದಿ ಇಲ್ಲ.

ಹಿಂದಿನ ಪೊಲೀಸಿನವರಿಗೆ ವರ್ಗ ಆಗಿ ಹೊಸಬರು ಬಂದಿದ್ದಾರೆ. ಅವರಿಗೆ ಊರು ಇನ್ನೂ ಪರಿಚಯ ಆಗಬೇಕು. ಪಂಪ್‌ಹೌಸಿನ ಆಟ ಮತ್ತೆ ಶುರುವಾಗಿದೆ ಅಂತ ಹೆಂಗಸರ ಕಡೆಯಿಂದ ಮಾತು ಬಂದಿದೆ, ಕೊಳವೆಬಾವಿಯ ಕೇಬಲ್ಲೂ ಎರಡು ಕಡೆ ಕಳುವಾಗಿದೆ. ನೋಟ್ ಬುಕ್ಕು ಕಾರ್ಯದರ್ಶಿಗಳ ಮೇಜಿನ ಮೇಲೆ, ಫ್ಯಾಟ್ ಮಿಷನ್ನಿನ ಪಕ್ಕದಲ್ಲೇ ಇದೆ. ಪೊಲೀಸಿನ 112, ಕಾನೂನು ಸೇವೆಯ 15100, ಎರಡೂ ನಂಬರು ಡೇರಿ ಗೋಡೆಗೆ ದೊಡ್ಡದಾಗಿ ಬರೆಸಿದ್ದೇವೆ. ಮುಂದಿನ ಬೀಟ್ ಸಭೆ ಬರುವ ಬಟವಾಡೆಯ ಮಾರನೇ ದಿನ, ಸಂಜೆ ಹಾಲು ಮುಗಿದ ಮೇಲೆ. ಮನೆಗೊಬ್ಬರು ಬರಬೇಕು, ಹೆಂಗಸರು ಬಂದರೆ ಇನ್ನೂ ಒಳ್ಳೆಯದು.