ಕ್ರೈಸ್ತನ ನಿತ್ಯಜೀವನದಲ್ಲಿ ಜ್ಞಾನ

ಕ್ರೈಸ್ತರ ವೇದಪುಸ್ತಕದಲ್ಲಿ ಜ್ಞಾನವನ್ನು ಹೊಗಳುವ ಭಾಗಗಳು ಬಹಳ ಉಂಟು. ಅದರೊಳಗಣ ಒಂದು ಗ್ರಂಥಕ್ಕೆ ಕನ್ನಡದಲ್ಲಿ ಜ್ಞಾನೋಕ್ತಿಗಳೆಂದೇ ಹೆಸರು. ಆದರೆ ಜ್ಞಾನವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ನಾಡಿನವರ ಮನಸ್ಸು ಉಪನಿಷತ್ತುಗಳ ಕಡೆಗೆ, ಮೋಕ್ಷವಿಚಾರದ ಕಡೆಗೆ ಹರಿಯುವುದು ಸಹಜ. ಹೀಬ್ರೂ ಭಾಷೆಯ ಮೂಲದಲ್ಲಿ ಆ ಸ್ಥಳದಲ್ಲಿರತಕ್ಕ ‘ಹೊಖ್ಮಾ’ ಎಂಬ ಶಬ್ದದ ಬಳಕೆ ಇದಕ್ಕಿಂತ ಬಹಳ ವಿಶಾಲವಾದುದು. ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರವನ್ನು ಕಟ್ಟುವ ಸಂದರ್ಭ ಬರುತ್ತದೆ. ಚಿನ್ನ ಬೆಳ್ಳಿಗಳನ್ನು ಬಡಿದು, ಮರವನ್ನು ಕೆತ್ತಿ ಕೆಲಸಮಾಡಿದ ಬೆಚಲೇಲನೆಂಬ ಶಿಲ್ಪಿಗೆ ದೇವರು ಇತ್ತದ್ದು ಈ ಹೊಖ್ಮಾ. ಮೇಕೆಯ ಕೂದಲನ್ನು ನೂತ ಹೆಂಗಸರಲ್ಲಿದ್ದದ್ದೂ ಅದೇ. ಕೀರ್ತನೆಗಳ ಗ್ರಂಥದಲ್ಲಿ, ಬಿರುಗಾಳಿಗೆ ಸಿಕ್ಕಿದ ನಾವಿಕರು ಕಳೆದುಕೊಳ್ಳುವ ಹಡಗು ನಡೆಯಿಸುವ ಜಾಣ್ಮೆಗೂ ಇದೇ ಹೆಸರು. ಹೀಗೆ ಜ್ಞಾನವೆಂಬುದು ತಲೆಯಲ್ಲಿ ಎಷ್ಟು ಮಟ್ಟಿಗೆ ಇರತಕ್ಕದ್ದೋ ಕೈಯಲ್ಲಿಯೂ ಅಷ್ಟೇ ಇರತಕ್ಕದ್ದೆಂದಾಯಿತು.

ಸೊಲೊಮೋನನು ಗಿಬ್ಯೋನಿನಲ್ಲಿ ಕಂಡ ಕನಸಿನ ಕಥೆಯನ್ನು ಅನೇಕರು ಬಲ್ಲಿರಿ. ಏನು ಬೇಕಾದರೂ ಕೇಳಿಕೊಳ್ಳೆಂದು ದೇವರು ಹೇಳಿದಾಗ ಆ ಅರಸನು ಐಶ್ವರ್ಯವನ್ನಾಗಲಿ ದೀರ್ಘಾಯುಸ್ಸನ್ನಾಗಲಿ ಕೇಳಲಿಲ್ಲ. ಮೂಲದ ಶಬ್ದಗಳನ್ನು ಹಿಡಿದು ಹೇಳುವುದಾದರೆ, ಅವನು ಬೇಡಿದ್ದು ಕಿವಿಗೊಡುವ ಹೃದಯವನ್ನು. ಈ ವಿವರವನ್ನು ಮರೆಯಲಾಗದು. ಜ್ಞಾನಿಯೆಂದರೆ ಮಾತನಾಡುವವನೆಂದು ನಾವು ಎಣಿಸಿದ್ದೇವೆ; ಇಲ್ಲಿ ಜ್ಞಾನದ ಮೊದಲ ಕೆಲಸ ಕೇಳುವುದು. ಹೊಸ ಒಡಂಬಡಿಕೆಯಲ್ಲಿ ಯಾಕೋಬನು ಬರೆದ ಪತ್ರಿಕೆಯೂ, ಜ್ಞಾನದ ಕೊರತೆಯುಳ್ಳವನು ದೇವರನ್ನು ಕೇಳಿಕೊಳ್ಳಲೆಂದು ಹೇಳಿ, ಮುಂದೆ ಆ ಜ್ಞಾನದ ಗುರುತಾಗಿ ನಡತೆಯನ್ನೂ ಸಾತ್ವಿಕತೆಯನ್ನೂ ಮುಂದಿಡುತ್ತದೆ.

ಇಂಥ ಜ್ಞಾನವನ್ನು ಕೇಳುವುದು ಹೇಗೆ? ಕಣ್ಣು ಮುಚ್ಚಿ ಪುಸ್ತಕವನ್ನು ತೆರೆದು, ಬೆರಳು ಬಿದ್ದ ವಾಕ್ಯವೇ ದೇವರ ಅಪ್ಪಣೆಯೆಂದು ತಿಳಿಯುವ ಭಕ್ತರಿದ್ದಾರೆ. ಬಲಗಡೆಯ ಹೂ ಬೀಳಲೆಂದು ದೇವರ ಮುಂದೆ ಕಾಯುವವರನ್ನು ನಾವು ನೋಡಿಲ್ಲವೆ? ಸಂದಿಗ್ಧದಲ್ಲಿ ಮನುಷ್ಯನಿಗೆ ಒಂದು ಉತ್ತರ ಬೇಕು, ಅದು ಬೇಗನೆ ಬೇಕು. ನಾನು ಇವರನ್ನು ನಗುವವನಲ್ಲ. ಆದರೆ ಕ್ರೈಸ್ತ ಶಾಸ್ತ್ರವು ಜ್ಞಾನವೆಂದು ಕರೆಯುವುದು ಇದನ್ನಲ್ಲವೆಂದು ತೋರುತ್ತದೆ. ಇದಕ್ಕೆ ಒಬ್ಬ ಅಂಗಡಿಯವನ ಜೀವನದಿಂದ ನಿದರ್ಶನ ಕೊಡುತ್ತೇನೆ.

ಜಾನ್ ವುಲ್ಮನ್ ಎಂಬಾತನು 1720ರಲ್ಲಿ ಅಮೆರಿಕದ ನ್ಯೂ ಜೆರ್ಸಿಯಲ್ಲಿ ಹುಟ್ಟಿದನು. ಅವನದು ಕ್ವೇಕರ್ ಪಂಥ. ಆ ಪಂಥದವರು ಆರಾಧನೆಗೆ ಕೂಡಿದಾಗ ಮೌನವಾಗಿ ಕುಳಿತು, ಅಂತರಂಗದಲ್ಲಿ ದೇವರ ಪ್ರೇರಣೆಗಾಗಿ ಕಾಯುವರು. ಇಪ್ಪತ್ತೆರಡರ ಸುಮಾರಿಗೆ ವುಲ್ಮನ್ ಒಬ್ಬ ವರ್ತಕನಲ್ಲಿ ಗುಮಾಸ್ತನಾಗಿದ್ದನು. ಒಂದು ದಿನ ಧನಿಯು ತನ್ನಲ್ಲಿದ್ದ ಆಫ್ರಿಕದ ಗುಲಾಮ ಹೆಂಗಸೊಬ್ಬಳನ್ನು ಮಾರಿ, ಕ್ರಯಪತ್ರವನ್ನು ಬರೆಯೆಂದು ಇವನಿಗೆ ಹೇಳಿದನು. ಕೊಳ್ಳುವವನು ಎದುರಿಗೇ ಕಾಯುತ್ತಿದ್ದನು, ವೃದ್ಧನು, ಕ್ವೇಕರನೇ. ವುಲ್ಮನ್ ಬರೆದನು. ಬರೆಯುವಾಗ ಮನಸ್ಸು ಕುಂದಿತು. ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಒಪ್ಪುವುದಲ್ಲವೆಂದು ಅವರಿಬ್ಬರೆದುರಿಗೂ ಹೇಳಿದನು. ಹಾಗೆ ಹೇಳಿದರೂ ಪತ್ರ ಪತ್ರವೇ. ತಾನು ಈ ಕೆಲಸದಿಂದ ಬಿಡುಗಡೆಯನ್ನು ಕೇಳಬೇಕಾಗಿತ್ತೆಂಬ ಕೊರಗು ಅವನಲ್ಲಿ ಉಳಿಯಿತು.

ಅವನ ಅಂತಃಸಾಕ್ಷಿ ಅಂದೇ ಎಚ್ಚರವಾಗಿತ್ತು. ತಪ್ಪು ಯಾವುದು, ಸರಿ ಯಾವುದು ಎಂಬುದು ಅವನಿಗೆ ತಿಳಿದೇ ಇತ್ತು. ಇಲ್ಲದ್ದು ಬೇರೊಂದು. ಲೇಖನಿ ಕೈಯಲ್ಲಿರುವಾಗ, ಧನಿ ಮುಂದೆ ನಿಂತಿರುವಾಗ, ತಿಳಿದದ್ದನ್ನು ನಡೆಯಿಸುವ ಬಗೆ ಅವನಿಗೆ ಇನ್ನೂ ತಿಳಿದಿರಲಿಲ್ಲ. ನಮ್ಮ ಕಛೇರಿಗಳಲ್ಲಿಯೂ ಅಂಗಡಿಗಳಲ್ಲಿಯೂ ಸಜ್ಜನರು ಎಡವುವುದು ಹೆಚ್ಚಾಗಿ ಈ ಸ್ಥಳದಲ್ಲಿಯೇ ಅಲ್ಲವೆ?

ಕೆಲವು ವರ್ಷಗಳ ತರುವಾಯ ನೆರೆಯವನೊಬ್ಬನು ಮೈಗೆ ಬಲವಾದ ಪೆಟ್ಟು ಬಿದ್ದು ಮಲಗಿದನು. ಅಂದಿನ ವೈದ್ಯಪದ್ಧತಿಯಂತೆ ರಕ್ತ ತೆಗೆಯಲು ವುಲ್ಮನ್‌ಗೆ ಹೇಳಿಕಳುಹಿಸಿದನು. ಆ ಕೆಲಸವಾದ ಮೇಲೆ, ತನ್ನ ಮರಣಶಾಸನವನ್ನು ಬರೆದುಕೊಡೆಂದು ಕೇಳಿದನು. ಯಾವ ಆಸ್ತಿ ಯಾರಿಗೆಂದು ಹೇಳುತ್ತ, ತನ್ನಲ್ಲಿದ್ದ ಎಳೆಯ ಗುಲಾಮಳೊಬ್ಬಳು ತನ್ನ ಮಕ್ಕಳಲ್ಲಿ ಯಾರಿಗೆ ಸೇರಬೇಕೆಂಬುದನ್ನೂ ಹೇಳಿದನು.

ಒಪ್ಪುವುದು ಸುಲಭವಾಗಿತ್ತು. ಎದ್ದು ಹೊರಟುಬಿಡುವುದೂ ಸುಲಭವಾಗಿತ್ತು. ಅದಕ್ಕೆ ಧರ್ಮನಿಷ್ಠೆಯೆಂಬ ಕೀರ್ತಿಯೂ ಬರುತ್ತಿತ್ತು. ವುಲ್ಮನ್ ಎರಡನ್ನೂ ಮಾಡಲಿಲ್ಲ. ಆ ಮನುಷ್ಯನ ಸಂಕಟವನ್ನು ನೋಡಿದನು. ಈ ಪೆಟ್ಟು ಎಲ್ಲಿಗೆ ಮುಟ್ಟುವುದೋ ತಿಳಿಯದು, ಪತ್ರವಿಲ್ಲದೆ ಅವನು ತೀರಿಕೊಳ್ಳುವಂತಾಗಬಾರದು. ಆದುದರಿಂದ ಗುಲಾಮಳ ಮಾತೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಬರೆದು, ಹಾಸಿಗೆಯ ಬಳಿಗೆ ತಂದು ಓದಿದನು. ಬಳಿಕ, ಸಹಮಾನವರನ್ನು ದಾಸ್ಯದಲ್ಲಿಡುವ ಪತ್ರವನ್ನು ಬರೆದರೆ ತನ್ನ ಮನಸ್ಸಿಗೆ ನೆಮ್ಮದಿಯಿರದೆಂದು ಸ್ನೇಹದಿಂದ ತಿಳಿಸಿದನು. ಬರೆದಷ್ಟಕ್ಕೆ ಕೂಲಿ ಬೇಡವೆಂದನು. ಉಳಿದ ಭಾಗವನ್ನು ಮನ್ನಿಸಬೇಕೆಂದನು. ಇಬ್ಬರೂ ಗಂಭೀರವಾಗಿ ಮಾತನಾಡಿದರು. ಕೊನೆಗೆ ನೆರೆಯವನು ಅವಳನ್ನು ಬಿಡುಗಡೆ ಮಾಡಲು ಒಪ್ಪಿದನು. ವುಲ್ಮನ್ ಮರಣಶಾಸನವನ್ನು ಪೂರ್ಣಗೊಳಿಸಿದನು.

ಹೊಖ್ಮಾ ಎಂದರೆ ಇದೆಂದು ನಾನು ತಿಳಿಯುತ್ತೇನೆ. ಎಲ್ಲಿ ಕೈ ಹಚ್ಚಬೇಕು, ಎಲ್ಲಿ ಕೈ ತೆಗೆಯಬೇಕು ಎಂಬುದು ಬೆಚಲೇಲನಿಗೆ ಮರದ ವಿಷಯದಲ್ಲಿ ತಿಳಿದಂತೆ ಇವನಿಗೆ ಮನುಷ್ಯರ ವಿಷಯದಲ್ಲಿ ತಿಳಿಯಿತು. ಅದು ಒಂದೇ ದಿನದಲ್ಲಿ ಬಂದುದಲ್ಲ. ಆ ಕ್ರಯಪತ್ರದ ಕೊರಗಿಗೂ ಈ ಹಾಸಿಗೆಯ ಬಳಿಯ ಮಾತಿಗೂ ನಡುವೆ ಎಷ್ಟೋ ಮೌನದ ಆರಾಧನೆಗಳಿದ್ದುವು. ಅಂಗಡಿಯ ವ್ಯಾಪಾರ ಬೆಳೆಯುತ್ತ ಬಂದು ಮನಸ್ಸನ್ನು ತುಂಬತೊಡಗಿದಾಗ, ಅದನ್ನು ಬಿಟ್ಟು ದರ್ಜಿಯ ಕೆಲಸದಲ್ಲಿಯೂ ಹಣ್ಣಿನ ತೋಟದಲ್ಲಿಯೂ ತೃಪ್ತನಾದನು. ಗದ್ದಲದಲ್ಲಿ ಕಿವಿ ಕೇಳಿಸದೆಂಬ ಭಯ ಅವನಿಗಿತ್ತೋ ಏನೋ.

1758ರಲ್ಲಿ ಫಿಲಡೆಲ್ಫಿಯದ ಕ್ವೇಕರರ ವಾರ್ಷಿಕ ಸಭೆಯು ಗುಲಾಮರ ಕ್ರಯವಿಕ್ರಯದಲ್ಲಿ ತೊಡಗಿದ ಸದಸ್ಯರ ಮೇಲೆ ಶಿಸ್ತಿನ ಕ್ರಮವನ್ನು ನಿರ್ಣಯಿಸಿತು. 1776ರಲ್ಲಿ ಗುಲಾಮರನ್ನು ಇಟ್ಟುಕೊಳ್ಳುವವರಿಗೆ ಪಂಥದಲ್ಲಿ ಸ್ಥಳವಿಲ್ಲವೆಂದಿತು. ಇದರಲ್ಲಿ ವುಲ್ಮನ್‌ನ ಪಾಲು ದೊಡ್ಡದು. ಅವನು 1772ರಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಸಿಡುಬಿನಿಂದ ತೀರಿಕೊಂಡಿದ್ದನು. ಆದರೆ ಸಭೆಯ ನಿರ್ಣಯಗಳಿಗಿಂತ ನನಗೆ ಹೆಚ್ಚಾಗಿ ಹಿಡಿಸುವುದು 1757ರಲ್ಲಿ ಅವನು ದಕ್ಷಿಣದ ಪ್ರಾಂತಗಳಲ್ಲಿ ಮಾಡಿದ ಪ್ರಯಾಣ. ಅಲ್ಲಿ ಅವನನ್ನು ಉಪಚರಿಸುತ್ತಿದ್ದವರಲ್ಲಿ ಅನೇಕರು ಗುಲಾಮರ ಒಡೆಯರು. ಅನ್ನವಿಕ್ಕಿದ ಮನೆಯನ್ನು ನಿಂದಿಸುವುದು ಹೇಗೆ? ನಿಂದಿಸದೆ ಗುಲಾಮರ ದುಡಿಮೆಯ ಊಟವನ್ನು ಧರ್ಮಾರ್ಥವಾಗಿ ಉಣ್ಣುವುದು ಹೇಗೆ? ವುಲ್ಮನ್ ಹೊರಡುವ ಮುಂಚೆಯೇ ಚಿಕ್ಕ ಬೆಳ್ಳಿಯ ನಾಣ್ಯಗಳನ್ನು ಕೂಡಿಸಿ ಕಟ್ಟಿಕೊಂಡಿದ್ದನು. ಮನೆಯಿಂದ ಹೊರಡುವಾಗ ಯಜಮಾನನನ್ನು ಬೇರೆಯಾಗಿ ಕರೆದು, ತನ್ನ ಸೇವೆ ಮಾಡಿದ ಗುಲಾಮರಿಗೆ ಸಲ್ಲಿಸಬೇಕೆಂದು ಕೆಲವು ನಾಣ್ಯಗಳನ್ನು ಅವನ ಕೈಯಲ್ಲಿಡುವನು. ಕೆಲವು ಕಡೆ ತಾನೇ ಅವರಿಗೆ ಕೊಡುವನು. ಯಜಮಾನರು ಸಿರಿವಂತರಾಗಿ ಕಾಣುತ್ತಿದ್ದುದರಿಂದ ಇದು ಅವನಿಗೆ ಬಹಳ ಸಂಕೋಚದ ಕೆಲಸವಾಗಿತ್ತು. ಆದರೆ ಸಿಟ್ಟಾದವರು ಇಲ್ಲವೆನ್ನುವಷ್ಟು ಕಡಿಮೆ. ಸ್ವಲ್ಪ ಹೊತ್ತು ಮಾತನಾಡಿದ ಮೇಲೆ ಬಹುಮಂದಿ ಆ ನಾಣ್ಯಗಳನ್ನು ತೆಗೆದುಕೊಂಡರು.